ವಿದುರನು ತಂದ ಯಾತ್ರಾಫಲ

॥ ಶ್ರೀ ವಸಂತ ವಲ್ಲಭರಾಯಸ್ವಾಮಿ ಪ್ರಸನ್ನ ॥

ಭಗವದ್ಭಕ್ತರೇ,

ಗುಡ್ಡ ಹತ್ತಿ ಬಂದಿದ್ದೀರಿ. ಸ್ವಾಮಿಯ ದರ್ಶನವಾಗಿದೆ, ತೀರ್ಥ ತೆಗೆದುಕೊಂಡಿದ್ದೀರಿ, ತಲೆಯ ಮೇಲೆ ಶಠಾರಿ ಇಡಿಸಿಕೊಂಡಿದ್ದೀರಿ. ಬಹಳ ಸಂತೋಷ. ಈಗ ನೆರಳಿನಲ್ಲಿ ಎರಡು ನಿಮಿಷ ಕುಳಿತುಕೊಳ್ಳಿ. ಒಂದು ಮಾತು ಕೇಳುತ್ತೇನೆ. ನಿಮ್ಮ ಜೊತೆ ಮನೆಯಿಂದ ಹೊರಟವರೆಲ್ಲರೂ ಮೇಲೆ ಬಂದಿದ್ದಾರೆಯೇ?

ಯಾವ ಬೆಟ್ಟಕ್ಕೆ ಬೇಕಾದರೂ ಹೋಗಿ ನೋಡಿ. ಮೆಟ್ಟಿಲಿನ ಕೆಳಗೆ ಒಬ್ಬರು ಅಜ್ಜಿಯೋ ತಾತನೋ ಕುಳಿತಿರುತ್ತಾರೆ. ಪಕ್ಕದಲ್ಲಿ ಏಳೆಂಟು ಜೊತೆ ಚಪ್ಪಲಿ, ಎರಡು ಬ್ಯಾಗು, ನೀರಿನ ಬಾಟಲಿ. "ನಿಮಗೆ ಮಂಡಿನೋವು, ಹತ್ತೋಕೆ ಆಗಲ್ಲ, ಇಲ್ಲೇ ಕೂತಿರಿ" ಅಂತ ಮಕ್ಕಳು ಹೇಳಿ ಹೋಗಿರುತ್ತಾರೆ. ತಪ್ಪೇನಿಲ್ಲ, ಆಗದವರನ್ನು ಹತ್ತಿಸಬಾರದು. ಆದರೆ ಆ ಅಜ್ಜಿಯ ಕಣ್ಣು ಎಲ್ಲಿರುತ್ತದೆ ಗೊತ್ತೇ? ಮೇಲಿನ ಗೋಪುರದ ಮೇಲಲ್ಲ, ಇಳಿದು ಬರುವವರ ಮುಖದ ಮೇಲೆ. ಇವತ್ತಿನ ನಮ್ಮ ವಿಚಾರ ಆ ಅಜ್ಜಿಯದು. ವಯಸ್ಸು ಏರಿದ ಹಾಗೆ ಬಾಳು ಹೇಗೆ ಬದಲಾಗುತ್ತದೆ, ಅದರಲ್ಲಿ ಯಾವುದು ಕಾಲದ ಕೈಯಲ್ಲಿದೆ, ಯಾವುದು ನಮ್ಮ ಕೈಯಲ್ಲಿದೆ ಎಂಬುದು.

ಮಾಂಡವ್ಯರ ತೀರ್ಪು

ಕನಕಪುರ ರಸ್ತೆಯ ಕೋಣನಕುಂಟೆ ಕ್ರಾಸಿನಿಂದ ಒಳಗೆ ತಿರುಗಿ ನೀವು ಈ ವಸಂತಪುರಕ್ಕೆ ಬಂದಿರಿ. ಈ ಸೀಮೆಯಲ್ಲಿ ಮಾಂಡವ್ಯ ಮಹರ್ಷಿಗಳು ತಪಸ್ಸು ಮಾಡಿದರೆಂದು ಸ್ಥಳಪುರಾಣ ಹೇಳುತ್ತದೆ. ಮಾಂಡವ್ಯರ ಹೆಸರು ಕೇಳಿದರೆ ಮಹಾಭಾರತದ ಆದಿಪರ್ವದ ಕಥೆ ನೆನಪಾಗಬೇಕು. ಇನ್ನು ನಮ್ಮ ಊರಿನ ಹೆಸರೋ, ಕೋಣ ಮತ್ತು ಕುಂಟೆ. ಕೋಣ ಅಂದ ತಕ್ಷಣ ಅದರ ಮೇಲೆ ಕುಳಿತು ಬರುವವನು ಯಾರು? ಯಮಧರ್ಮರಾಯ. ಮಾಂಡವ್ಯರಿಗೂ ಯಮನಿಗೂ ಆದ ವಾದವೇ ನಮ್ಮ ವಿಚಾರಕ್ಕೆ ಮೊದಲನೆಯ ಮೆಟ್ಟಿಲು.

ಮಾಂಡವ್ಯರು ಮೌನವ್ರತದಲ್ಲಿದ್ದರು. ಕಳ್ಳರು ಕದ್ದ ಮಾಲನ್ನು ಅವರ ಆಶ್ರಮದಲ್ಲಿ ಬಚ್ಚಿಟ್ಟು ತಾವೂ ಅವಿತುಕೊಂಡರು. ರಾಜಭಟರು ಬಂದು ಕೇಳಿದರೆ ಋಷಿಗಳು ಮಾತನಾಡಲಿಲ್ಲ. ಇವರೂ ಕಳ್ಳರೇ ಎಂದು ತಿಳಿದು ಶೂಲಕ್ಕೇರಿಸಿದರು. ತಪೋಬಲದಿಂದ ಪ್ರಾಣ ಹೋಗಲಿಲ್ಲ. ರಾಜ ತಪ್ಪು ತಿಳಿದು ಕಾಲಿಗೆ ಬಿದ್ದು ಇಳಿಸಿದ. ಶೂಲದ ತುದಿ ಮಾತ್ರ ದೇಹದಲ್ಲೇ ಉಳಿಯಿತು, ಆದ್ದರಿಂದ ಅವರಿಗೆ ಆಣಿಮಾಂಡವ್ಯ ಎಂದು ಹೆಸರಾಯಿತು. ಅವರು ನೇರವಾಗಿ ಯಮನ ಸಭೆಗೆ ಹೋಗಿ, ಯಾವ ಪಾಪಕ್ಕೆ ನನಗೆ ಈ ಶಿಕ್ಷೆ ಎಂದು ಕೇಳಿದರು. ಯಮ ಲೆಕ್ಕ ತೆಗೆದ. ನೀವು ಹುಡುಗರಾಗಿದ್ದಾಗ ಹುಳಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದಿರಿ, ಅದರ ಫಲ ಇದು ಎಂದ. ಮಾಂಡವ್ಯರಿಗೆ ಕೋಪ ಬಂತು. ಬುದ್ಧಿ ಬಲಿಯದ ವಯಸ್ಸಿನ ತಪ್ಪಿಗೆ ಇಷ್ಟು ದೊಡ್ಡ ದಂಡವೇ? ಇನ್ನು ಮುಂದೆ ಹದಿನಾಲ್ಕು ವರ್ಷ ತುಂಬುವ ತನಕ ಮಾಡಿದ್ದು ಪಾಪವಾಗದಿರಲಿ, ಧರ್ಮ ತಪ್ಪಿದ ನೀನು ಭೂಮಿಯಲ್ಲಿ ದಾಸಿಯ ಮಗನಾಗಿ ಹುಟ್ಟು ಎಂದು ಶಪಿಸಿದರು. ಹಾಗೆ ಹುಟ್ಟಿದವನೇ ವಿದುರ.

ಇಲ್ಲಿ ಗಮನಿಸಬೇಕಾದ್ದು ಏನು? ಒಂದೇ ತಪ್ಪು, ಆದರೆ ವಯಸ್ಸಿಗೆ ತಕ್ಕ ಹಾಗೆ ಅದರ ತೂಕ ಬೇರೆ. ಮಗು ಹಾಲು ಚೆಲ್ಲಿದರೆ ನಾವು ನಗುತ್ತೇವೆ. ಕೇಳಿದ್ದನ್ನೇ ಹತ್ತು ಸಲ ಕೇಳಿದರೆ "ಎಷ್ಟು ಚೂಟಿ ನೋಡಿ" ಅಂತೇವೆ. ಅದೇ ಎಂಬತ್ತು ದಾಟಿದ ತಂದೆ ಕಾಫಿ ಚೆಲ್ಲಿದರೆ? ಕೇಳಿದ್ದನ್ನು ಎರಡನೇ ಸಲ ಕೇಳಿದರೆ? "ಆಗಲೇ ಹೇಳಿದ್ನಲ್ಲ!" ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಬೇರೆ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿರುತ್ತದೆ. ಏರುವಾಗಿನ ತೊದಲಿಗೆ ಮಾಫಿ, ಇಳಿಯುವಾಗಿನ ತೊದಲಿಗೆ ದಂಡ. ಮಾಂಡವ್ಯರು ಹದಿನಾಲ್ಕರ ಒಳಗಿನವರಿಗೆ ಕೊಡಿಸಿದ ಕ್ಷಮೆಯನ್ನು ಎಂಬತ್ತು ದಾಟಿದವರಿಗೆ ನಾವು ಕೊಡಬಾರದೇ?

ಹಸ್ತಿನಾವತಿಯ ಹದಿನೈದು ವರ್ಷ

ಕುರುಕ್ಷೇತ್ರ ಮುಗಿಯಿತು. ನೂರು ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರ ಎಲ್ಲಿದ್ದ? ಧರ್ಮರಾಯನ ಅರಮನೆಯಲ್ಲಿ, ಹದಿನೈದು ವರ್ಷ. ಮಹಾಭಾರತದ ಆಶ್ರಮವಾಸಿಕ ಪರ್ವದಲ್ಲಿ ಈ ಕಥೆ ಬರುತ್ತದೆ. ನಮ್ಮ ಹರಿಕಥೆಗಳಲ್ಲಿ ಯುದ್ಧ ಮುಗಿದರೆ ಮಂಗಳ ಹಾಡಿಬಿಡುತ್ತಾರೆ, ಆದ್ದರಿಂದ ಇದು ಬಹಳ ಜನಕ್ಕೆ ಗೊತ್ತಿಲ್ಲ.

ಧರ್ಮರಾಯ ಏನೂ ಕಡಿಮೆ ಮಾಡಲಿಲ್ಲ. ಒಳ್ಳೆಯ ಹಾಸಿಗೆ, ಬಟ್ಟೆ, ಊಟ. ದೊಡ್ಡಪ್ಪನ ಮನಸ್ಸಿಗೆ ಯಾರೂ ನೋವು ಮಾಡಕೂಡದು ಎಂದು ತಮ್ಮಂದಿರಿಗೆ ಕಟ್ಟಪ್ಪಣೆ. ಕುಂತಿ ಗಾಂಧಾರಿಯನ್ನು ಅತ್ತೆಯಂತೆ ನೋಡಿಕೊಂಡಳು. ಹೊರಗಿನಿಂದ ನೋಡಿದವರು ಏನು ಹೇಳಬೇಕು? ಮುಪ್ಪು ಅಂದರೆ ಹೀಗಿರಬೇಕು, ಪುಣ್ಯವಂತ ಅಂತ.

ಆದರೆ ಭೀಮನ ಮನಸ್ಸು ಕರಗಿರಲಿಲ್ಲ. ಅಣ್ಣ ಇಲ್ಲದ ಹೊತ್ತಿನಲ್ಲಿ ಮುದುಕನ ಕಿವಿಗೆ ಬೀಳುವ ಹಾಗೆ ತೋಳು ತಟ್ಟಿಕೊಂಡು, ಕುರುಡನ ಮಕ್ಕಳನ್ನು ಮುಗಿಸಿದ ತೋಳುಗಳು ಇವೇ ಎಂದು ಹೇಳಿಕೊಳ್ಳುತ್ತಿದ್ದ. ಧೃತರಾಷ್ಟ್ರನಿಗೆ ಕಣ್ಣಿಲ್ಲ. ಕಿವಿಯೇ ಅವನ ಪ್ರಪಂಚ. ಅಲ್ಲಿ ಬಿದ್ದ ಮಾತು ಎಲ್ಲಿಗೆ ಹೋಗಬೇಕು? ಅವನು ಯಾರಿಗೂ ದೂರು ಹೇಳಲಿಲ್ಲ. ಊಟ ಕಡಿಮೆ ಮಾಡಿದ, ನೆಲದ ಮೇಲೆ ಮಲಗತೊಡಗಿದ. ಕೊನೆಗೆ, ಕಾಡಿಗೆ ಹೋಗುತ್ತೇನೆ ಅಪ್ಪಣೆ ಕೊಡು ಎಂದು ಕೇಳಿದಾಗಲೇ ಧರ್ಮರಾಯನಿಗೆ ವಿಷಯ ತಿಳಿದದ್ದು. ನೀವು ಉಪವಾಸವಿರುವುದು ನನಗೆ ಗೊತ್ತೇ ಆಗಲಿಲ್ಲವಲ್ಲ ಎಂದು ಅವನು ದುಃಖಪಟ್ಟ. ಒಂದೇ ಮನೆಯಲ್ಲಿದ್ದೂ ಗೊತ್ತಾಗಲಿಲ್ಲ. ಸಾಕ್ಷಾತ್ ಧರ್ಮಪುತ್ರನಿಗೇ ಗೊತ್ತಾಗಲಿಲ್ಲ ಎಂದಮೇಲೆ ನಮ್ಮ ನಿಮ್ಮ ಪಾಡೇನು?

ಭೀಮನನ್ನು ಬಯ್ಯಲು ಅವಸರ ಮಾಡಬೇಡಿ. ಅವನ ಸಿಟ್ಟಿಗೆ ಕಾರಣವಿತ್ತು. ಸಭೆಯಲ್ಲಿ ದ್ರೌಪದಿಗೆ ಅವಮಾನವಾದಾಗ ಈ ದೊಡ್ಡಪ್ಪ ಸುಮ್ಮನೆ ಕುಳಿತಿದ್ದನಲ್ಲ? ಇವತ್ತಿನ ಮನೆಗಳಲ್ಲೂ ಹಾಗೆಯೇ. "ನನ್ನನ್ನು ಓದಿಸಲಿಲ್ಲ, ತಮ್ಮನಿಗೆ ಸೈಟು ಬರೆದುಕೊಟ್ಟರು, ನನ್ನ ಹೆಂಡತಿಯನ್ನು ಗೋಳು ಹೊಯ್ದುಕೊಂಡರು." ಲೆಕ್ಕ ಸುಳ್ಳಿರಲಾರದು. ಆದರೆ ಲೆಕ್ಕ ತೀರಿಸುವ ಹೊತ್ತಿಗೆ ಎದುರಿಗಿರುವವನು ಆ ಹಳೆಯ ರಾಜನಲ್ಲ, ಕೈಹಿಡಿದು ನಡೆಸಬೇಕಾದ ಮುದುಕ. ಆ ವಸೂಲಿಯಲ್ಲಿ ಯಾರಿಗೂ ಲಾಭವಿಲ್ಲ.

ನಮ್ಮ ಮನೆಯ ಮಾತು

ಪುರಾಣ ಹೇಳುವವನು ತನ್ನ ಮನೆಯ ಕಥೆಯನ್ನು ಬಚ್ಚಿಟ್ಟರೆ ದೋಷ. ಆದ್ದರಿಂದ ಹೇಳುತ್ತೇನೆ.

ನಮ್ಮ ತಂದೆ ಕೋಣನಕುಂಟೆ ಹಳ್ಳಿಯಾಗಿದ್ದಾಗಿನಿಂದ ಇದ್ದವರು. ಕನಕಪುರ ರಸ್ತೆಯಲ್ಲಿ ಎತ್ತಿನ ಗಾಡಿ ಹೊಡೆದವರು. ಅವರು ರಾಗಿ, ಅವರೆ ಬೆಳೆದ ನೆಲದ ಸುತ್ತ ಅಪಾರ್ಟ್‌ಮೆಂಟುಗಳು ಎದ್ದವು. 2021ರ ಜನವರಿಯಲ್ಲಿ ಕೋಣನಕುಂಟೆ ಕ್ರಾಸಿಗೆ ಮೆಟ್ರೋ ಬಂತು. ಮಾತನಾಡಿಸುತ್ತಿದ್ದ ಜೊತೆಗಾರರು ಒಬ್ಬೊಬ್ಬರಾಗಿ ಹೋದರು. ಅಪ್ಪನಿಗೆ ಎಂಬತ್ತಮೂರು, ಕಿವಿ ಮಂದ. ಪ್ರತಿದಿನ ಸಂಜೆ ನಾನು ಪ್ರವಚನಕ್ಕೆ ಹೊರಡುವಾಗ ಬಾಗಿಲ ಹತ್ತಿರ ಬಂದು "ಇವತ್ತು ಯಾವ ಕಥೆನೋ?" ಅನ್ನುತ್ತಿದ್ದರು. ಒಂದು ದಿನ ತಡವಾಗಿತ್ತು. "ನಿಮಗೆ ಕೇಳಿಸೋದೇ ಇಲ್ಲ, ಹೇಳಿ ಏನು ಪ್ರಯೋಜನ ಬಿಡಿ" ಅಂತ ಅಂದು ಹೊರಟುಬಿಟ್ಟೆ. ನಾನು ಅದನ್ನು ಗೇಟು ದಾಟುವುದರೊಳಗೆ ಮರೆತೆ. ಅವರು ಮತ್ತೆ ಕೇಳಲಿಲ್ಲ.

ನಾಲ್ಕು ತಿಂಗಳು ಕಳೆಯಿತು. ಅಪ್ಪ ಕೇಳುತ್ತಿಲ್ಲ ಎಂಬುದು ನನ್ನ ಗಮನಕ್ಕೂ ಬರಲಿಲ್ಲ. ರಾತ್ರಿ ಊಟಕ್ಕೆ ಕರೆದರೆ "ಹಸಿವಿಲ್ಲ" ಅನ್ನುತ್ತಿದ್ದರು. ವಯಸ್ಸಾಯಿತು, ಜೀರ್ಣಶಕ್ತಿ ಕಡಿಮೆ ಅಂದುಕೊಂಡೆವು. ಧನುರ್ಮಾಸದ ಒಂದು ಸಂಜೆ ನಾನು ಇದೇ ಆಶ್ರಮವಾಸಿಕ ಪರ್ವ ಹೇಳುತ್ತಿದ್ದೆ. ನೀವು ಉಪವಾಸವಿರುವುದು ನನಗೆ ಗೊತ್ತೇ ಆಗಲಿಲ್ಲ ಎಂಬಲ್ಲಿಗೆ ಬಂದಾಗ ಗಂಟಲು ಕಟ್ಟಿತು. ಮುಂದಕ್ಕೆ ಹೇಳಲು ಆಗಲಿಲ್ಲ. ಗಂಟಲು ಸರಿಯಿಲ್ಲ ಎಂದು ಸುಳ್ಳು ಹೇಳಿ ಮಂಗಳಾರತಿ ಮಾಡಿಸಿ ಮನೆಗೆ ಬಂದೆ.

ಅಪ್ಪ ಕತ್ತಲಲ್ಲಿ ಕುಳಿತಿದ್ದರು. ಕಿವಿಯ ಮಿಷಿನ್ನು ಎಲ್ಲಿ ಎಂದರೆ ಮೇಜಿನ ಡ್ರಾಯರಿನಲ್ಲಿದೆ ಎಂದರು. ತೆಗೆದು ನೋಡಿದೆ. ಕೆಟ್ಟಿರಲಿಲ್ಲ. ಸೆಲ್ಲು ಮುಗಿದಿತ್ತು, ಅಷ್ಟೇ. ಯಾರೂ ತಂದಿರಲಿಲ್ಲ, ಅವರು ಕೇಳಿರಲಿಲ್ಲ. ಅವರ ಬಲಗಿವಿಯ ಹತ್ತಿರ ಕುಳಿತು, ಅವತ್ತು ಅರ್ಧಕ್ಕೆ ಬಿಟ್ಟ ಕಥೆಯನ್ನು ಗಟ್ಟಿಯಾಗಿ ಹೇಳಿದೆ. ಧೃತರಾಷ್ಟ್ರ ಗಾಂಧಾರಿಯರು ಕಾಡಿಗೆ ಹೊರಟರು ಅಂದೆ. ಅವರು ಕೈಯೆತ್ತಿ ತಡೆದರು. "ಕುಂತೀನ ಬಿಟ್ಟುಬಿಟ್ಯಲ್ಲೋ. ಮುಂದೆ ಕುಂತಿ, ಅವಳ ಹೆಗಲ ಮೇಲೆ ಗಾಂಧಾರಿ ಕೈ, ಗಾಂಧಾರಿ ಹೆಗಲ ಮೇಲೆ ಮುದುಕನ ಕೈ. ಹಾಗೆ ಹೋದ್ರು ಮೂರು ಜನ." ಚಿಕ್ಕಂದಿನಲ್ಲಿ ಯಾವುದೋ ಜಾತ್ರೆಯಲ್ಲಿ ಕೇಳಿದ್ದಂತೆ. ಇಷ್ಟು ವರ್ಷ ಪ್ರವಚನ ಮಾಡಿದ ನಾನು ಬಿಟ್ಟದ್ದನ್ನು ಅವರು ತುಂಬಿಸಿಕೊಟ್ಟರು. ಆ ರಾತ್ರಿ ಹಿಸುಕಿದ ಅವರೆಬೇಳೆ ಸಾರಿನ ಜೊತೆ ಒಂದು ಮುದ್ದೆ ಉಂಡರು.

ಆಮೇಲೆ ಹನ್ನೊಂದು ತಿಂಗಳು ಇದ್ದರು. ಮಂಡಿನೋವು ಹೋಗಲಿಲ್ಲ, ಕಣ್ಣು ಮೊದಲಿನಂತಾಗಲಿಲ್ಲ. ಆದರೆ ಪ್ರತಿ ಸಂಜೆ ಕಥೆ ಅವರ ಪರೀಕ್ಷೆ ಮುಗಿಸಿಕೊಂಡೇ ಹೊರಗೆ ಹೊರಡುತ್ತಿತ್ತು. ಆ ನಾಲ್ಕು ತಿಂಗಳನ್ನು ಮಾತ್ರ ನಾನು ಯಾವ ತೀರ್ಥದಲ್ಲಿ ಮುಳುಗಿದರೂ ತೊಳೆಯಲಾರೆ.

ಇಳಿಯುವುದು ಯಾವುದು, ಉಳಿಯುವುದು ಯಾವುದು

ಸ್ವಾತಂತ್ರ್ಯ ಬಂದ ಕಾಲದಲ್ಲಿ ನಮ್ಮ ದೇಶದ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ ಸುಮಾರು 70. 2011ರ ಜನಗಣತಿಯಲ್ಲೇ ಅರವತ್ತು ದಾಟಿದವರು ಹತ್ತು ಕೋಟಿಗಿಂತ ಹೆಚ್ಚು. ಔಷಧ, ಲಸಿಕೆ, ಅನ್ನ ಆಯಸ್ಸನ್ನು ಕೊಟ್ಟವು. ಆ ಆಯಸ್ಸಿನೊಳಗೆ ಏನು ತುಂಬಬೇಕು ಎಂಬುದು ಮನೆಯವರಿಗೆ ಬಿಟ್ಟದ್ದು.

ವಯಸ್ಸಾದರೆ ಎಲ್ಲವೂ ಇಳಿಯುತ್ತದೆ ಎಂಬುದು ಪೂರ್ತಿ ನಿಜವಲ್ಲ. ಮಂಡಿ, ಕಣ್ಣು, ಕಿವಿ, ನಿದ್ದೆ ಇಳಿಯುತ್ತವೆ, ಒಪ್ಪೋಣ. ಆದರೆ ಯೌವನದ ಸಿಟ್ಟು, ಪೈಪೋಟಿ, ನಾಲ್ಕು ಜನ ಏನಂದಾರು ಎಂಬ ಭಯ ಅನೇಕರಲ್ಲಿ ಕಡಿಮೆಯಾಗುತ್ತವೆ. ವಯಸ್ಸಾದವರು ಸಣ್ಣ ವಿಷಯಕ್ಕೆ ಕಳವಳಪಡುವುದು ಕಡಿಮೆ, ಹತ್ತಿರದ ಕೆಲವೇ ಜನರನ್ನು ಹೆಚ್ಚು ಹಚ್ಚಿಕೊಳ್ಳುತ್ತಾರೆ ಎಂದು ಮನಶ್ಶಾಸ್ತ್ರದವರೂ ಕಂಡಿದ್ದಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಲ್ಲಿ ಶುರುಮಾಡಿದ ಒಂದು ಅಧ್ಯಯನ ನೂರಾರು ಜನರ ಬಾಳನ್ನು ಹಿಂಬಾಲಿಸಿಕೊಂಡು ಬಂದಿದೆ. ಅದರಲ್ಲಿ ಎದ್ದುಕಂಡದ್ದು ಒಂದೇ ವಿಷಯ: ಮುಪ್ಪಿನಲ್ಲಿ ಆರೋಗ್ಯವಾಗಿ, ನೆಮ್ಮದಿಯಾಗಿ ಇರುವುದಕ್ಕೆ ಹಣ, ಹೆಸರುಗಳಿಗಿಂತ ಒಳ್ಳೆಯ ಬಾಂಧವ್ಯ ಹೆಚ್ಚು ಆಧಾರ. ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು ಅನ್ನುತ್ತೀರಿ. ಗೊತ್ತಿತ್ತು. ನಮಗೆ ಮರೆತಿದೆ.

ಅದಕ್ಕೇ ಕಿವಿಯ ವಿಷಯ ಒತ್ತಿ ಹೇಳುತ್ತೇನೆ. ಅರವತ್ತು ದಾಟಿದವರಲ್ಲಿ ನೂರಕ್ಕೆ 25ಕ್ಕೂ ಹೆಚ್ಚು ಜನಕ್ಕೆ ದಿನನಿತ್ಯಕ್ಕೆ ತೊಡಕಾಗುವಷ್ಟು ಕಿವಿ ಮಂದವಾಗಿರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಳಿಸದವರು ಕ್ರಮೇಣ ಮಾತು ಬಿಡುತ್ತಾರೆ, ಮಾತು ಬಿಟ್ಟವರು ಒಂಟಿಯಾಗುತ್ತಾರೆ, ಮರೆವಿನ ಕಾಯಿಲೆಗೂ ಅದು ದಾರಿ. ಆದ್ದರಿಂದ ವರ್ಷಕ್ಕೊಮ್ಮೆ ಕಣ್ಣು ತೋರಿಸುವ ಹಾಗೆ ಕಿವಿಯನ್ನೂ ತೋರಿಸಿ. ಬಚ್ಚಲುಮನೆಯಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ. ಇವೂ ಪೂಜೆಯೇ.

ಮುಪ್ಪಿನಲ್ಲಿ ಮನುಷ್ಯನಿಗೆ ಇನ್ನೊಂದು ಬೇಕು, ನನ್ನಿಂದ ಯಾರಿಗೋ ಏನೋ ಆಗಬೇಕಾಗಿದೆ ಎಂಬ ಭಾವನೆ. ನಮ್ಮ ಜಯನಗರದಲ್ಲೇ ಇದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರನ್ನು ನೆನೆಯಿರಿ. 1913ರಲ್ಲಿ ಹುಟ್ಟಿದವರು, 1973ರಲ್ಲಿ ಕಾಲೇಜಿನ ಕೆಲಸದಿಂದ ನಿವೃತ್ತರಾದರು. ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣ ಶುರುಮಾಡಿದ್ದು 1991ರಲ್ಲಿ, ಎಂಬತ್ತು ಹತ್ತಿರವಾಗುತ್ತಿದ್ದಾಗ. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ 97 ವರ್ಷ. 2021ರಲ್ಲಿ, 107ರ ವಯಸ್ಸಿನಲ್ಲಿ ತೀರಿಕೊಂಡರು. ಒಂದು ಪದದ ಅರ್ಥ ಕೇಳಿಕೊಂಡು ಜನ ಅವರ ಹತ್ತಿರ ಬರುತ್ತಲೇ ಇದ್ದರು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಗಂಡನ ಜೊತೆ ಸೇರಿ ರಸ್ತೆಯ ಬದಿಗೆ ಆಲದ ಗಿಡ ನೆಟ್ಟು, ನೀರು ಹೊತ್ತು ಸಾಕಿದರು. 2019ರಲ್ಲಿ ದೆಹಲಿಯಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳ ತಲೆ ಮುಟ್ಟಿ ಆಶೀರ್ವಾದ ಮಾಡಿದರು. ಕೊಡುವವರ ಕೈ ಕೆಳಗೆ, ಅಜ್ಜಿಯ ಕೈ ಮೇಲೆ! 2025ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ನಾಡೇ ಮನೆಯ ಹಿರಿಯರನ್ನು ಕಳೆದುಕೊಂಡಂತೆ ದುಃಖಪಟ್ಟಿತು.

ಎಲ್ಲರೂ ಹಾಗಾಗಲು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಅಮ್ಮನ ಮುಂದೆ ಅವರೆಕಾಯಿ ಸುಲಿಯಲು ಹಾಕಿ. ಏಕಾದಶಿ ಯಾವತ್ತು ಎಂದು ಅಪ್ಪನನ್ನೇ ಕೇಳಿ, ಮೊಬೈಲು ನೋಡಬೇಡಿ. "ನೀವು ಸುಮ್ಮನೆ ಕೂತ್ಕೊಳ್ಳಿ" ಎಂಬ ಮಾತನ್ನು ಪ್ರೀತಿಯಿಂದಲೇ ಆಡುತ್ತೇವೆ. ಆದರೆ ದಿನವಿಡೀ ಸುಮ್ಮನೆ ಕೂರುವುದು ಸುಖವಲ್ಲ, ಸೆರೆ.

ಹಿರಿಯರಿಗೂ ಎರಡು ಮಾತು

ಕಾಡಿಗೆ ಹೊರಡುವ ಮೊದಲು ಧೃತರಾಷ್ಟ್ರ ಪ್ರಜೆಗಳನ್ನೆಲ್ಲ ಕರೆಸಿ, ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೈಮುಗಿದು ಕೇಳಿಕೊಂಡ. ಚಕ್ರವರ್ತಿಯಾಗಿದ್ದವನು! ಹಿರಿಯರೇ, ಮಕ್ಕಳ ಹತ್ತಿರ, ಸೊಸೆಯ ಹತ್ತಿರ "ಅವತ್ತು ಹಾಗೆ ಮಾಡಬಾರದಿತ್ತು ಕಣಮ್ಮ" ಅಂತ ಒಂದು ಸಲ ಅಂದುಬಿಡಿ. ಮೂವತ್ತು ವರ್ಷದ ಗಂಟು ಬಿಚ್ಚಬಹುದು. ಇನ್ನೊಂದು, ಬೇಕಾದ್ದನ್ನು ಬಾಯಿಬಿಟ್ಟು ಕೇಳಿ. ಉಪವಾಸ ಮಾಡಿ ತಿಳಿಸಬೇಡಿ. ಸೆಲ್ಲು ಮುಗಿದಿದೆ ಎಂದು ನಮ್ಮಪ್ಪ ಒಂದು ಮಾತು ಹೇಳಬಹುದಿತ್ತು.

ಎಲ್ಲ ಮನೆಗಳಲ್ಲೂ ಪ್ರೀತಿಯ ಮಾತಿನಿಂದ ಕೆಲಸವಾಗುವುದಿಲ್ಲ ಎಂಬುದೂ ಗೊತ್ತು. ಆಸ್ತಿ ಬರೆಸಿಕೊಂಡು ಬೀದಿಗೆ ಬಿಟ್ಟವರಿದ್ದಾರೆ. ಅಂಥವರಿಗಾಗಿ 2007ರಲ್ಲಿ ತಂದೆ ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಬಂದಿದೆ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಲೂ ಅವಕಾಶವಿದೆ. ಹಿರಿಯರ ಸಹಾಯವಾಣಿ 14567, ಕರೆಗೆ ಖರ್ಚಿಲ್ಲ. ಇದನ್ನು ಬರೆದಿಟ್ಟುಕೊಳ್ಳಿ. ನಿಮಗೆ ಬೇಡದಿದ್ದರೆ ಪಕ್ಕದ ಮನೆಯವರಿಗೆ ಬೇಕಾದೀತು.

ಯಾತ್ರೆಯ ಫಲ

ಕೊನೆಗೆ ವಿದುರನ ಹತ್ತಿರ ಬರೋಣ. ಇದೇ ಘಟನೆಯನ್ನು ಭಾಗವತ ಸ್ವಲ್ಪ ಬೇರೆಯಾಗಿ ಹೇಳುತ್ತದೆ. ಅಲ್ಲಿ ವಿದುರ ನಿಮ್ಮ ಹಾಗೆ ಒಬ್ಬ ಯಾತ್ರಿಕ. ತೀರ್ಥಕ್ಷೇತ್ರಗಳನ್ನೆಲ್ಲ ಸುತ್ತಿ ಹಸ್ತಿನಾವತಿಗೆ ಮರಳಿ ಬಂದ. ಕಂಡದ್ದನ್ನು ಎಲ್ಲರಿಗೂ ಹೇಳಿದ. ಆಮೇಲೆ ಹೋಗಿ ಕುಳಿತದ್ದು ಎಲ್ಲಿ? ಕುರುಡ ಅಣ್ಣನ ಪಕ್ಕದಲ್ಲಿ. ಹದಿನೈದು ವರ್ಷ ಅರಮನೆಯಲ್ಲಿ ಎಲ್ಲರೂ ಊಟವಾಯಿತೇ ಎಂದು ಕೇಳಿದ್ದರು. ವಿದುರ ಒಬ್ಬನೇ ಮನಸ್ಸಿನೊಳಗಿನ ಮಾತನ್ನು ಮುಟ್ಟಿ ಮಾತನಾಡಿದ. ಹಂಗಿನ ಅನ್ನ ಸಾಕು, ಎದ್ದೇಳು, ಮುಂದಿನ ದಾರಿಗೆ ನಾನು ಜೊತೆಗಿದ್ದೇನೆ ಎಂದ. ಮಾತು ಕಟುವಾಗಿತ್ತು. ಆದರೂ ಆ ಮಾತಿಗೇ ಅಣ್ಣ ಎದ್ದುನಿಂತ, ಏಕೆಂದರೆ ಹೇಳಿದವನು ಪಕ್ಕದಲ್ಲಿ ಕುಳಿತು ಹೇಳಿದ್ದ. ಮಾಂಡವ್ಯರ ಶಾಪದಿಂದ ಹುಟ್ಟಿದ ಯಮಧರ್ಮ ಒಬ್ಬ ಮುದುಕನ ಕೈಹಿಡಿದು ಶಾಪ ತೀರಿಸಿಕೊಂಡನೋ ಏನೋ ಎಂದು ನನಗೆ ಅನ್ನಿಸುತ್ತದೆ.

ಆದ್ದರಿಂದ ಭಕ್ತರೇ, ಈಗ ಇಳಿಯಿರಿ. ಕೆಳಗೆ ಅಜ್ಜಿ ಕಾಯುತ್ತಿದ್ದಾರೆ. ಚಪ್ಪಲಿ ಹುಡುಕುವ ಮೊದಲು ಅವರ ಹಣೆಗೆ ಕುಂಕುಮ ಇಡಿ, ಕೈಗೆ ತುಳಸಿ ಕೊಡಿ. ಇವತ್ತು ಸ್ವಾಮಿಗೆ ಯಾವ ಬಣ್ಣದ ವಸ್ತ್ರ, ಯಾವ ಹೂವಿನ ಹಾರ, ಎಷ್ಟು ಜನ ಇದ್ದರು ಎಂದು ಪಕ್ಕದಲ್ಲಿ ಕುಳಿತು ನಿಧಾನವಾಗಿ ಹೇಳಿ. ಕೇಳಿಸದಿದ್ದರೆ ಇನ್ನೊಂದು ಸಲ ಹೇಳಿ. ಎದ್ದು ಹೊರಡುವಾಗ ಅವರ ಕೈಯನ್ನು ನಿಮ್ಮ ಹೆಗಲ ಮೇಲೆ ಇಟ್ಟುಕೊಳ್ಳಿ, ಕುಂತಿಯ ಹಾಗೆ. ನಿಮ್ಮ ಯಾತ್ರೆ ಆಗ ಪೂರ್ತಿಯಾಗುತ್ತದೆ.

ಭಗವಂತ ನಿಮ್ಮ ಮನೆಯ ಹಿರಿಯರಿಗೆ ನೆಮ್ಮದಿಯ ಸಂಜೆಯನ್ನೂ ನಿಮಗೆ ಅದನ್ನು ನೋಡುವ ಭಾಗ್ಯವನ್ನೂ ಕರುಣಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥